ಸರ್ ಥಾಮಸ್ ಮನ್ರೋ ಸಾಹೇಬರು

1761ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣದಲ್ಲಿ ಜನಿಸಿದ ಥಾಮಸ್ ಮನ್ರೋ ಸಾಹೇಬರು 1780ರಲ್ಲಿ ಮದರಾಸಿಗೆ ಬಂದು ಕಂಪೆನಿಯ ಕಾಲ್ದಳವನ್ನು ಸೇರಿ, ಹೈದರಾಲಿಯ ಮೇಲಣ ಯುದ್ಧದಲ್ಲಿ ಕಾದಿದರು. 1792ರಲ್ಲಿ ಬಾರಾಮಹಲಿನ ಕಂದಾಯದ ಕೆಲಸಕ್ಕೆ ನಿಯಮಿತರಾಗಿ, ಖಡ್ಗವನ್ನು ಬದಿಗಿರಿಸಿ ಲೆಕ್ಕದ ಕಡತವನ್ನು ಕೈಗೆತ್ತಿಕೊಂಡರು. ಮುಂದೆ ಕೆನರಾ ಜಿಲ್ಲೆಯಲ್ಲಿಯೂ, 1800ರಿಂದ 1807ರ ವರೆಗೆ ಬಳ್ಳಾರಿ, ಕಡಪೆಗಳನ್ನೊಳಗೊಂಡ ದತ್ತಮಂಡಲದಲ್ಲಿಯೂ ಕಲೆಕ್ಟರರಾಗಿದ್ದು, ಹೊಲಹೊಲವನ್ನೂ ಅಳೆಯಿಸಿ, ನಡುವೆ ಜಮೀನ್ದಾರರಿಲ್ಲದೆ ರೈತನೊಡನೆಯೇ ಕಂದಾಯವನ್ನು ಗೊತ್ತುಪಡಿಸುವ ರೈತವಾರಿ ಪದ್ಧತಿಯನ್ನು ಅಲ್ಲಿ ನಡೆಯಿಸಿದರು.

ಆದರೆ ತಾವೇ ವಿಧಿಸಿದ ಕಂದಾಯವು ಒಕ್ಕಲಿಗೆ ಭಾರವೆಂಬುದನ್ನು ಅವರು ಮರೆಮಾಚಲಿಲ್ಲ. ನೂರಕ್ಕೆ 25ರಷ್ಟು ಇಳಿಸಬೇಕೆಂದು 1807ರಲ್ಲಿ ಸರಕಾರಕ್ಕೆ ಬರೆದರು. ಆಗ ಅದು ಕೈಗೂಡಲಿಲ್ಲ. 1820ರಲ್ಲಿ ಅವರು ಮದರಾಸಿನ ಗವರ್ನರರಾದ ಮೇಲೆ ಆ ಇಳಿತವು ಜಾರಿಗೆ ಬಂದಿತು. ಸ್ವದೇಶಕ್ಕೆ ಮರಳುವ ಕಾಲವು ಸಮೀಪಿಸಿರಲು, ದತ್ತಮಂಡಲದ ಪ್ರಜೆಗಳನ್ನು ಮತ್ತೊಮ್ಮೆ ಕಾಣಹೋದವರು 1827ನೆಯ ಜುಲೈ 6ರಂದು ಪತ್ತಿಕೊಂಡದಲ್ಲಿ ವಾಂತಿಭೇದಿಯಿಂದ ಕಾಲವಾದರು.

ಬಿಜ್ಜಳನ ಭಂಡಾರವನ್ನು ಕಾಯ್ದ ಬಸವಣ್ಣನವರನ್ನು ಗುರುವೆಂದು ನಂಬಿದ ಸದ್ಭಕ್ತರಿಗೆ ಲೆಕ್ಕದ ಕೆಲಸವೂ ಕಾಯಕವೆಂಬುದು ಹೊಸ ಮಾತಲ್ಲ. ಬೊಕ್ಕಸವು ತುಂಬುವುದಕ್ಕಿಂತ ಒಕ್ಕಲು ಉಳಿಯುವುದು ಹಿರಿದೆಂಬುದನ್ನು ಪರದೇಶದ ಈ ಅಧಿಕಾರಿಯ ಚರಿತ್ರೆಯೂ ಸಾರುತ್ತದೆ.