ಉಂಗುರವನ್ನು ಬೆಂಕಿಗೆ ಹಾಕಲು ಹೇಳಿದ ಮೇಷ್ಟ್ರು

ಅಮೆರಿಕದಲ್ಲಿ ಪ್ಯಾಲಂಟಿರ್ ಅನ್ನೋ ಒಂದು ಡೇಟಾ ಕಂಪನಿ ಇದೆ. 2003ರಲ್ಲಿ ಶುರುವಾದ ಇದಕ್ಕೆ ಆರಂಭದ ದಿನಗಳಲ್ಲೇ ಸಿಐಎಯ ಹೂಡಿಕೆ ಸಂಸ್ಥೆ ಹಣ ಹಾಕಿತ್ತು. ಸೈನ್ಯ, ಗುಪ್ತಚರ ಇಲಾಖೆ, ವಲಸಿಗರನ್ನು ಹಿಡಿದು ಗಡಿಪಾರು ಮಾಡುವ ಇಲಾಖೆ, ಎಲ್ಲರೂ ಇದರ ಗ್ರಾಹಕರು. 2017ರಲ್ಲಿ ಹುಟ್ಟಿದ ಇನ್ನೊಂದು ಕಂಪನಿ ಯುದ್ಧದ ಡ್ರೋನ್ ಮಾಡುತ್ತೆ, ಹೆಸರು ಆಂಡುರಿಲ್. ಇಟಲಿಯ ಪ್ರಧಾನಿ ಜಾರ್ಜಾ ಮೆಲೋನಿ ಬೆಳೆದ ಬಲಪಂಥೀಯ ರಾಜಕಾರಣದ ಯುವಕರು 1977ರಲ್ಲಿ ಹಾಬಿಟ್ ಕ್ಯಾಂಪ್ ಅಂತ ಶಿಬಿರವನ್ನೇ ನಡೆಸಿದ್ದರು.

ಈ ಮೂರೂ ಹೆಸರುಗಳು ಒಬ್ಬನೇ ಮನುಷ್ಯನ ಕಲ್ಪನೆಯಿಂದ ಬಂದವು: ಜೆ.ಆರ್.ಆರ್. ಟೋಲ್ಕಿನ್. ಇಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿ ‘ಲಾರ್ಡ್ ಆಫ್ ದಿ ರಿಂಗ್ಸ್’ ಸಿನಿಮಾಗಳನ್ನು ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ದಾಟಿಸಿಕೊಂಡು ನೋಡಿದ ತಲೆಮಾರಿನವನು ನಾನು. ಆಗ ನಮಗೆ ಅದು ಬರೀ ಯುದ್ಧದ ಕಥೆ. ಆಮೇಲೆ ಪುಸ್ತಕಗಳನ್ನೂ ಆತನ ಪತ್ರಗಳನ್ನೂ ಓದಿದಾಗ ಗೊತ್ತಾಗಿದ್ದು, ಈ ಕಂಪನಿಗಳು ಹೆಸರು ತೆಗೆದುಕೊಂಡಿರೋದು ಅಧಿಕಾರವನ್ನು ಕಂಡರೆ ಹೆದರುತ್ತಿದ್ದ ಒಬ್ಬ ಕ್ಯಾಥೊಲಿಕ್ ಮೇಷ್ಟ್ರಿಂದ ಅಂತ.

ಟೋಲ್ಕಿನ್ ಹುಟ್ಟಿದ್ದು 1892ರ ಜನವರಿ 3ರಂದು, ದಕ್ಷಿಣ ಆಫ್ರಿಕಾದ ಬ್ಲೂಮ್‌ಫಾಂಟೀನ್‌ನಲ್ಲಿ. ಅಪ್ಪ ಅಲ್ಲಿ ಬ್ಯಾಂಕ್ ಮ್ಯಾನೇಜರ್. ಮಗುವಿಗೆ ಮೂರು ವರ್ಷವಾದಾಗ ಅಮ್ಮ ಮೇಬಲ್ ಇಬ್ಬರು ಗಂಡು ಮಕ್ಕಳನ್ನು ಕರಕೊಂಡು ಇಂಗ್ಲೆಂಡಿಗೆ ಬಂದಳು. ಹಿಂದೆಯೇ ಬರಬೇಕಿದ್ದ ಅಪ್ಪ ಬರಲಿಲ್ಲ, 1896ರಲ್ಲಿ ಅಲ್ಲೇ ಜ್ವರದಿಂದ ತೀರಿಕೊಂಡ. ಬರ್ಮಿಂಗ್‌ಹ್ಯಾಮ್ ಹತ್ತಿರದ ಸೇರ್‌ಹೋಲ್ ಹಳ್ಳಿಯಲ್ಲಿ ಮೇಬಲ್ ಮಕ್ಕಳಿಗೆ ತಾನೇ ಪಾಠ ಹೇಳಿಕೊಟ್ಟಳು. ಲ್ಯಾಟಿನ್ ಕಲಿತಿದ್ದು ಅಮ್ಮನಿಂದಲೇ.

1900ರಲ್ಲಿ ಮೇಬಲ್ ಕ್ಯಾಥೊಲಿಕ್ ಮತಕ್ಕೆ ಸೇರಿದಳು. ಆಕೆಯ ಬಳಗವೆಲ್ಲ ಪ್ರಾಟೆಸ್ಟೆಂಟ್ ಪಂಗಡಗಳಿಗೆ ಸೇರಿದ್ದು. ಸಿಟ್ಟಾದ ನೆಂಟರು ಕೊಡುತ್ತಿದ್ದ ದುಡ್ಡು ನಿಲ್ಲಿಸಿದರು. ವಿಧವೆ, ಎರಡು ಮಕ್ಕಳು, ಕೈಯಲ್ಲಿ ಕಾಸಿಲ್ಲ. 1904ರಲ್ಲಿ 34ನೇ ವಯಸ್ಸಿಗೆ ಸಕ್ಕರೆ ಕಾಯಿಲೆಯಿಂದ ಸತ್ತಳು. ಇನ್ಸುಲಿನ್ ಬರೋಕೆ ಇನ್ನೂ ಹದಿನೇಳು ವರ್ಷ ಬೇಕಿತ್ತು. ಹನ್ನೆರಡು ವರ್ಷದ ಹುಡುಗನ ಮನಸ್ಸಿನಲ್ಲಿ ಅಮ್ಮ ತನ್ನ ನಂಬಿಕೆಗಾಗಿ ಪ್ರಾಣ ಕೊಟ್ಟವಳು ಅಂತ ಉಳಿದುಬಿಟ್ಟಿತು. ಮುಂದೆ ಎಪ್ಪತ್ತು ವರ್ಷ ಆತ ಆ ನಂಬಿಕೆ ಬಿಡದೇ ಇದ್ದುದರ ಬೇರು ಇಲ್ಲಿದೆ. ಆತನ ಪಾಲಿಗೆ ಧರ್ಮ ಅಂದರೆ ಬಹುಸಂಖ್ಯಾತರ ಹೆಮ್ಮೆಯಾಗಿರಲಿಲ್ಲ, ಸೋತವರ ಕಡೆಯ ಆಸರೆಯಾಗಿತ್ತು.

ಅನಾಥ ಮಕ್ಕಳನ್ನು ನೋಡಿಕೊಂಡಿದ್ದು ಫಾದರ್ ಫ್ರಾನ್ಸಿಸ್ ಮಾರ್ಗನ್ ಅನ್ನೋ ಪಾದ್ರಿ. ಹದಿಹರೆಯದಲ್ಲಿ ಟೋಲ್ಕಿನ್ ತನ್ನಂತೆಯೇ ಅನಾಥೆಯಾಗಿದ್ದ ಎಡಿತ್ ಬ್ರ್ಯಾಟ್‌ಳನ್ನು ಪ್ರೀತಿಸಿದ. 21 ತುಂಬೋವರೆಗೂ ಅವಳ ಜೊತೆ ಮಾತಿಲ್ಲ, ಪತ್ರವಿಲ್ಲ ಅಂತ ಪಾದ್ರಿ ಕಟ್ಟಪ್ಪಣೆ ಮಾಡಿದರು. ಹುಡುಗ ಮೀರಲಿಲ್ಲ. 21 ತುಂಬಿದ ರಾತ್ರಿಯೇ ಪತ್ರ ಬರೆದ. ಅಷ್ಟರಲ್ಲಿ ಅವಳಿಗೆ ಬೇರೆ ಕಡೆ ಮದುವೆ ನಿಶ್ಚಯವಾಗಿತ್ತು. ಈತ ಹೋಗಿ ಮಾತಾಡಿದ, ಅವಳು ಆ ನಿಶ್ಚಯ ಮುರಿದಳು. 1916ರ ಮಾರ್ಚ್‌ನಲ್ಲಿ ಮದುವೆ. ಜೂನ್‌ನಲ್ಲಿ ಆತ ಫ್ರಾನ್ಸಿನ ಯುದ್ಧಭೂಮಿಯಲ್ಲಿದ್ದ.

ಸೋಮ್ ಕದನ ಶುರುವಾದ ಜುಲೈ 1ರ ಒಂದೇ ದಿನ ಬ್ರಿಟಿಷ್ ಸೇನೆಯ ಸುಮಾರು 19 ಸಾವಿರ ಜನ ಸತ್ತರು. ಅವರಲ್ಲಿ ಟೋಲ್ಕಿನ್‌ನ ಶಾಲಾ ಗೆಳೆಯ ರಾಬ್ ಗಿಲ್ಸನ್ ಒಬ್ಬ. ಕವಿಯಾಗಿದ್ದ ಇನ್ನೊಬ್ಬ ಗೆಳೆಯ ಜೆಫ್ರಿ ಸ್ಮಿತ್ ಡಿಸೆಂಬರ್‌ನಲ್ಲಿ ಶೆಲ್ ಗಾಯದಿಂದ ತೀರಿಕೊಂಡ. ತಾನು ಸತ್ತರೆ ನಾವೆಲ್ಲ ಹೇಳಬೇಕೆಂದುಕೊಂಡಿದ್ದನ್ನು ನೀನು ಹೇಳು ಅನ್ನೋ ಅರ್ಥದ ಪತ್ರ ಸ್ಮಿತ್ ಮೊದಲೇ ಬರೆದಿದ್ದ. ಹೇನಿನಿಂದ ಹರಡುವ ಟ್ರೆಂಚ್ ಜ್ವರ ಬಂದು ಟೋಲ್ಕಿನ್ ನವೆಂಬರ್‌ನಲ್ಲಿ ಊರಿಗೆ ಮರಳಿದ, ಬದುಕಿದ. ಆಸ್ಪತ್ರೆಯಲ್ಲೂ ವಿಶ್ರಾಂತಿ ರಜೆಯಲ್ಲೂ ತನ್ನ ಪುರಾಣಲೋಕದ ಮೊದಲ ಕಥೆಗಳನ್ನು ಬರೆಯತೊಡಗಿದ.

ಆ ಲೋಕದ ಬೀಜ ಬಿದ್ದದ್ದು ಮಾತ್ರ ಕಾವ್ಯದಲ್ಲಿ. ಹಳೇ ಇಂಗ್ಲಿಷಿನ ‘ಕ್ರೈಸ್ಟ್’ ಅನ್ನೋ ಧಾರ್ಮಿಕ ಕಾವ್ಯದಲ್ಲಿ ಎಯರೆಂಡೆಲ್ ಅನ್ನೋ ಬೆಳಕಿನ ಹೆಸರೊಂದು ಆತನಿಗೆ ಸಿಕ್ಕಿತ್ತು. 1914ರಲ್ಲಿ ಆ ಹೆಸರಿನ ಬೆನ್ನು ಹತ್ತಿ, ಆಕಾಶದಲ್ಲಿ ಹಡಗು ನಡೆಸುವ ನಾವಿಕನ ಮೇಲೆ ಒಂದು ಪದ್ಯ ಬರೆದ. ಜೊತೆಗೆ ಫಿನ್ನಿಶ್, ವೆಲ್ಶ್ ಭಾಷೆಗಳ ನಾದಕ್ಕೆ ಸೋತು ತನ್ನದೇ ಭಾಷೆಗಳನ್ನು ಕಟ್ಟತೊಡಗಿದ್ದ. ಭಾಷೆ ಮೊದಲು ಹುಟ್ಟಿತು, ಅದನ್ನು ಮಾತಾಡೋ ಜನ, ಅವರ ಕಥೆ ಆಮೇಲೆ ಬಂದವು. 1925ರಿಂದ 1959ರವರೆಗೆ ಆಕ್ಸ್‌ಫರ್ಡ್‌ನಲ್ಲಿ ಪ್ರೊಫೆಸರ್. ಹಗಲು ಪಾಠ, ರಾತ್ರಿ ಬರವಣಿಗೆ.

1931ರ ಸೆಪ್ಟೆಂಬರ್‌ನ ಒಂದು ರಾತ್ರಿ ಟೋಲ್ಕಿನ್, ಹ್ಯೂಗೊ ಡೈಸನ್ ಮತ್ತು ಸಿ.ಎಸ್. ಲೂಯಿಸ್ ಕಾಲೇಜಿನ ದಾರಿಯಲ್ಲಿ ಬೆಳಗಿನ ಜಾವದವರೆಗೂ ವಾದ ಮಾಡಿದರು. ಪುರಾಣಗಳು ಚಂದವಾದ ಸುಳ್ಳು ಅಂತ ಲೂಯಿಸ್ ಪಟ್ಟು. ಕಥೆ ಕಟ್ಟೋದು ದೇವರ ಸೃಷ್ಟಿಗುಣದಲ್ಲಿ ಮನುಷ್ಯನಿಗೆ ಸಿಕ್ಕ ಪಾಲು, ಹಾಗಾಗಿ ಪುರಾಣದಲ್ಲೂ ಸತ್ಯದ ತುಣುಕು ಇರುತ್ತೆ ಅನ್ನೋದು ಟೋಲ್ಕಿನ್ ವಾದ. ಕೆಲವೇ ದಿನಗಳಲ್ಲಿ ಲೂಯಿಸ್ ಕ್ರೈಸ್ತನಾದ, ಮುಂದೆ ‘ನಾರ್ನಿಯಾ’ ಬರೆದ. ಅಲ್ಲಿ ಸಿಂಹದ ರೂಪದಲ್ಲಿ ಕ್ರಿಸ್ತನೇ ನಡೆದು ಬರುತ್ತಾನೆ. ಟೋಲ್ಕಿನ್‌ಗೆ ಅಂಥ ನೇರ ದಾರಿ ಇಷ್ಟವಿರಲಿಲ್ಲ.

‘ದಿ ಹಾಬಿಟ್’ 1937ರಲ್ಲಿ ಬಂತು. ಮರುವರ್ಷ ಜರ್ಮನ್ ಅನುವಾದ ತರಬೇಕೆಂದಿದ್ದ ಪ್ರಕಾಶಕರು ಒಂದು ಪತ್ರ ಬರೆದು, ನೀವು ಆರ್ಯ ಮೂಲದವರೇ ಅಂತ ಕೇಳಿದರು. ಹಿಟ್ಲರನ ಜರ್ಮನಿ ಅದು. ಟೋಲ್ಕಿನ್ ಎರಡು ಉತ್ತರ ಬರೆದು ತನ್ನ ಇಂಗ್ಲಿಷ್ ಪ್ರಕಾಶಕರಿಗೆ ಕಳಿಸಿದ. ಅದರಲ್ಲೊಂದು ಉಳಿದಿದೆ. ಭಾಷಾಶಾಸ್ತ್ರದ ಮೇಷ್ಟ್ರು ಪಾಠ ಹೇಳಿದಂತಿದೆ ಅದು: ಆರ್ಯ ಅಂದರೆ ಇಂಡೋ-ಇರಾನಿಯನ್ ಅಂತ ಅರ್ಥ, ನಮ್ಮ ಪೂರ್ವಿಕರು ಯಾರೂ ಹಿಂದೂಸ್ತಾನಿಯನ್ನೋ ಪಾರ್ಸಿಯನ್ನೋ ಮಾತಾಡಿದ್ದು ನನಗೆ ಗೊತ್ತಿಲ್ಲ, ನೀವು ಕೇಳುತ್ತಿರೋದು ಯಹೂದಿಯೇ ಅಂತ ಆದರೆ, ಅಂಥ ಪ್ರತಿಭಾವಂತ ಜನರಲ್ಲಿ ನನ್ನ ಹಿರಿಯರು ಇಲ್ಲದಿದ್ದಕ್ಕೆ ನನಗೆ ಬೇಸರವಿದೆ. ಈ ಪುಸ್ತಕ ಜರ್ಮನ್‌ನಲ್ಲಿ ಬಂದಿದ್ದು 1957ರಲ್ಲಿ.

ಆತನ ರಾಜಕೀಯವನ್ನು ನಮ್ಮ ಎಡ-ಬಲದ ಡಬ್ಬಿಗೆ ಹಾಕೋದು ಕಷ್ಟ. ಪಾದ್ರಿಗಳ ಕೊಲೆ ಕಂಡು ಸ್ಪೇನ್‌ನಲ್ಲಿ ಫ್ರಾಂಕೋ ಕಡೆ ವಾಲಿದ. ಅದೇ ಮನುಷ್ಯ ದಕ್ಷಿಣ ಆಫ್ರಿಕಾದ ವರ್ಣಭೇದವನ್ನು 1959ರ ವಿದಾಯ ಭಾಷಣದಲ್ಲಿ ಖಂಡಿಸಿದ. ಆತನ ಕಥೆಯಲ್ಲಿ ಶತ್ರುವಿನ ಸೈನ್ಯಕ್ಕೆ ಕಪ್ಪು ಮೈಬಣ್ಣದ ಜನ ದಕ್ಷಿಣದಿಂದ, ಪೂರ್ವದಿಂದ ಬರುತ್ತಾರೆ. ಓದುವಾಗ ನನಗೆ ಅದು ಚುಚ್ಚುತ್ತೆ, ಚುಚ್ಚಲೂ ಬೇಕು. ಆದರೆ ಎರಡನೇ ಮಹಾಯುದ್ಧ ನಡೀತಿದ್ದಾಗ ವಾಯುಪಡೆಯಲ್ಲಿದ್ದ ಮಗ ಕ್ರಿಸ್ಟೋಫರ್‌ಗೆ ಬರೆದ ಪತ್ರಗಳಲ್ಲಿ ಆತ ತನ್ನ ಪಕ್ಷವನ್ನೇ ಪ್ರಶ್ನಿಸಿದ: ದುಷ್ಟನನ್ನು ಗೆಲ್ಲೋಕೆ ನಾವು ದುಷ್ಟನ ಉಂಗುರವನ್ನೇ ಬಳಸುತ್ತಿದ್ದೇವೆ, ಗೆಲ್ಲಲೂಬಹುದು, ಆದರೆ ಹೊಸ ದುಷ್ಟರನ್ನು ಹುಟ್ಟಿಸುತ್ತೇವೆ. ಅಣುಬಾಂಬಿನ ಸುದ್ದಿ ಬಂದಾಗ ಅದನ್ನು ಕಟ್ಟಿದ ವಿಜ್ಞಾನಿಗಳ ಬಗ್ಗೆ ಹೌಹಾರಿ ಬರೆದ.

1954-55ರಲ್ಲಿ ಬಂದ ‘ಲಾರ್ಡ್ ಆಫ್ ದಿ ರಿಂಗ್ಸ್’ನಲ್ಲಿ ಚರ್ಚ್ ಇಲ್ಲ, ಪಾದ್ರಿ ಇಲ್ಲ, ಕ್ರಿಸ್ತನ ಹೆಸರಿಲ್ಲ. ಆದರೂ ಇದು ಬುಡದಲ್ಲಿ ಕ್ಯಾಥೊಲಿಕ್ ಕೃತಿ ಅಂತ ಆತ ಪಾದ್ರಿ ಗೆಳೆಯನೊಬ್ಬನಿಗೆ ಬರೆದಿದ್ದ. ಎಲ್ಲಿದೆ ಅದು? ಉಂಗುರವನ್ನು ಬಳಸಿಯೇ ಒಳ್ಳೇದು ಮಾಡ್ತೀವಿ ಅನ್ನೋ ಆಸೆ ಕಥೆಯಲ್ಲಿ ಒಳ್ಳೆಯವರಿಗೇ ಹೆಚ್ಚು ಕಾಡುತ್ತೆ. ಕೊನೆಗೆ ಬೆಂಕಿಯ ಬಾಯಲ್ಲಿ ನಿಂತ ನಾಯಕ ಫ್ರೋಡೊ ಕೂಡ ಸೋಲುತ್ತಾನೆ, ಉಂಗುರ ನನ್ನದು ಅಂತಾನೆ. ಲೋಕ ಉಳಿಯೋದು ಯಾರ ಶೌರ್ಯದಿಂದಲೂ ಅಲ್ಲ. ಕೊಲ್ಲಬಹುದಾಗಿದ್ದ ಗೊಲ್ಲಮ್ ಅನ್ನೋ ದರಿದ್ರ ಜೀವಿಯನ್ನು ಹಿಂದೆ ಇಬ್ಬರು ಕನಿಕರದಿಂದ ಬಿಟ್ಟಿರುತ್ತಾರೆ. ಅವನೇ ಉಂಗುರ ಕಚ್ಚಿ ಕಿತ್ತುಕೊಂಡು ಬೆಂಕಿಗೆ ಬೀಳುತ್ತಾನೆ. ಆ ದಿನಕ್ಕೆ ಟೋಲ್ಕಿನ್ ಕೊಟ್ಟ ತಾರೀಖು ಮಾರ್ಚ್ 25. ಕ್ರೈಸ್ತ ಪಂಚಾಂಗದಲ್ಲಿ ದೇವದೂತ ಮೇರಿಗೆ ಶುಭವಾರ್ತೆ ತಂದ ದಿನ, ಹಳೇ ನಂಬಿಕೆಯಲ್ಲಿ ಕ್ರಿಸ್ತನನ್ನು ಶಿಲುಬೆಗೇರಿಸಿದ ದಿನವೂ ಹೌದು.

ಟೋಲ್ಕಿನ್ ತೀರಿಕೊಂಡಿದ್ದು 1973ರ ಸೆಪ್ಟೆಂಬರ್ 2ರಂದು. ಎಡಿತ್ ಎರಡು ವರ್ಷ ಮೊದಲೇ ಹೋಗಿದ್ದಳು. ಆಕ್ಸ್‌ಫರ್ಡ್‌ನಲ್ಲಿ ಇಬ್ಬರ ಸಮಾಧಿ ಒಂದೇ. ಕಲ್ಲಿನ ಮೇಲೆ ಅವರ ಹೆಸರಿನ ಜೊತೆ ಆತನ ಕಥೆಯ ಪ್ರೇಮಿಗಳಾದ ಲೂಥಿಯೆನ್, ಬೆರೆನ್ ಹೆಸರೂ ಇದೆ.

ಕಥೆಯಲ್ಲಿ ಪ್ಯಾಲಂಟಿರ್ ಅಂದರೆ ದೂರದ್ದನ್ನು ತೋರಿಸೋ ಕಲ್ಲು. ಅದನ್ನು ನೋಡಿದ ಜ್ಞಾನಿ ಸಾರುಮಾನ್ ಶತ್ರುವಿನ ಗುಲಾಮನಾಗುತ್ತಾನೆ. ನಾಡು ಕಾಯೋಕೆ ಅಂತ ನೋಡಿದ ಡೆನೆಥಾರ್‌ಗೆ ಕಲ್ಲು ಸುಳ್ಳು ತೋರಿಸೋದಿಲ್ಲ, ಶತ್ರು ಬಯಸಿದ ನಿಜವನ್ನಷ್ಟೇ ತೋರಿಸುತ್ತೆ. ಆತ ಹತಾಶನಾಗಿ ತನ್ನನ್ನೇ ಸುಟ್ಟುಕೊಳ್ಳುತ್ತಾನೆ. ಕಂಪನಿಗೆ ಹೆಸರಿಟ್ಟವರು ಈ ಅಧ್ಯಾಯಗಳನ್ನು ಓದಿಲ್ಲ ಅಂತ ನಾನು ನಂಬೋದಿಲ್ಲ. ಕಲ್ಲು ತಮ್ಮ ಕೈಯಲ್ಲಿದ್ದರೆ ಹಾಗಾಗಲ್ಲ ಅಂದುಕೊಂಡಿದ್ದಾರೆ, ಅಷ್ಟೇ. ಅವರನ್ನು ಬೈಯೋದು ಸುಲಭ. ನಮ್ಮ ಪಕ್ಷ ಗೆದ್ದ ದಿನ ಫೋನ್ ಕದ್ದಾಲಿಕೆ, ಕರಾಳ ಕಾನೂನು, ಟ್ರೋಲ್ ಪಡೆ ಎಲ್ಲವೂ ನಮ್ಮ ಕೈಗೆ ಬಂದಾಗ ಅದನ್ನು ಇಟ್ಟುಕೊಳ್ಳೋದೋ ಬೆಂಕಿಗೆ ಹಾಕೋದೋ ಅನ್ನೋದು ಟೋಲ್ಕಿನ್ ನಮಗೆ ಬಿಟ್ಟುಹೋದ ಪ್ರಶ್ನೆ.