ಗಾಳಿಪಟಕ್ಕೆ ಕಟ್ಟಿದ ತಂತಿ

ರೇಡಿಯೊದ ಮಾರ್ಕೋನಿ 1874ರಲ್ಲಿ ಇಟಲಿಯ ಬೊಲೋನ್ಯಾದಲ್ಲಿ ಜನಿಸಿದರು. ವಿಶ್ವವಿದ್ಯಾಲಯದ ಪದವಿ ಇರಲಿಲ್ಲ. ಮನೆಯ ಅಟ್ಟವೇ ಪ್ರಯೋಗಶಾಲೆ. 1895ರಲ್ಲಿ ತಂತಿಯ ಒಂದು ತುದಿಯನ್ನು ಎತ್ತರಕ್ಕೇರಿಸಿ, ಇನ್ನೊಂದನ್ನು ನೆಲಕ್ಕೆ ಜೋಡಿಸಿದಾಗ ಸಂಕೇತ ಗುಡ್ಡ ದಾಟಿತು. ಎತ್ತರ ಹೆಚ್ಚಿದಷ್ಟೂ ದೂರ ಹೆಚ್ಚುತ್ತದೆಂದು ಮನದಟ್ಟಾಯಿತು. ತೆಂಗಿನ ಮರಕ್ಕೆ ರೇಡಿಯೊ ತಂತಿ ಕಟ್ಟಿದ ನಮ್ಮ ಹಿರಿಯರೂ ಇದನ್ನು ಬಲ್ಲರು.

ಅಟ್ಲಾಂಟಿಕ್ ಸಾಗರದಾಚೆಗೆ ಸಂಕೇತ ಕಳಿಸಲು ಇಂಗ್ಲೆಂಡಿನ ಪೋಲ್ಡುವಿನಲ್ಲಿ ನಿಲ್ಲಿಸಿದ್ದ ಭಾರಿ ಕಂಬಗಳು 1901ರ ಸೆಪ್ಟೆಂಬರಿನ ಬಿರುಗಾಳಿಗೆ ಉರುಳಿದವು. ಮಾರ್ಕೋನಿ ಎದೆಗುಂದಲಿಲ್ಲ. ಅಲ್ಲಿ ಚಿಕ್ಕ ಆಂಟೆನಾ ಕಟ್ಟಿಸಿ, ತಾವು ನ್ಯೂಫೌಂಡ್‌ಲ್ಯಾಂಡಿಗೆ ಹೋಗಿ, ಗಾಳಿಪಟಕ್ಕೆ ಸುಮಾರು 150 ಮೀಟರ್ ತಂತಿ ಕಟ್ಟಿ ಹಾರಿಸಿದರು. ಡಿಸೆಂಬರ್ 12ರಂದು 3,000 ಕಿ.ಮೀ.ಗೂ ಆಚೆಯಿಂದ ಮೋರ್ಸ್ ಸಂಕೇತದ ಮೂರು ಚುಕ್ಕೆಗಳು ಕೇಳಿದವೆಂದು ತಿಳಿಸಿದರು.

ಕಿವಿಗೆ ಕೇಳಿದ್ದಕ್ಕೆ ಪುರಾವೆ ಎಲ್ಲಿ? ಹಲವರು ನಂಬಲಿಲ್ಲ. 1902ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾ ಹಡಗಿನಲ್ಲಿ ಪ್ರಯಾಣಿಸುತ್ತ, ಪೋಲ್ಡುವಿನ ಸಂಕೇತಗಳನ್ನು ಕಾಗದದ ಪಟ್ಟಿಯ ಮೇಲೆ ದಾಖಲಿಸಿ ಕ್ಯಾಪ್ಟನ್ನರ ಸಹಿ ಪಡೆದರು. 1909ರಲ್ಲಿ ಬ್ರೌನ್ ಅವರೊಂದಿಗೆ ನೊಬೆಲ್ ಬಂತು. 1937ರಲ್ಲಿ ರೋಮಿನಲ್ಲಿ ತೀರಿಕೊಂಡರು.

ಇದ್ದ ಸಾಮಾನಿನಲ್ಲೇ ಮಾಡಿ ನೋಡುವುದು, ಮಾಡಿದ್ದನ್ನು ನಾಲ್ಕು ಜನರ ಮುಂದೆ ಸಾಬೀತುಪಡಿಸುವುದು: ನಮ್ಮ ಶಾಲೆಯ ಮಕ್ಕಳು ಅವರಿಂದ ಈ ಎರಡನ್ನೂ ಕಲಿಯಲಿ.