ವ್ಯಾಪಾರಕ್ಕೆ ಬಂದವ ವಿದ್ಯಾಲಯ ಕಟ್ಟಿದ: ಬೀದರಿನ ಮಹಮೂದ್ ಗವಾನ್ ಬದುಕು

ಅಫಜಲಪುರ: ಆಳಂದದ ಲಾಡ್ಲೆ ಮಶಾಯಕ್ ದರ್ಗಾ ನಮ್ಮ ಭಾಗದವರಿಗೆ ಹೊಸದಲ್ಲ. ಆದ್ರೆ ಸುಮಾರು 550 ವರ್ಷದ ಹಿಂದೆ ಅಲ್ಲಿ ಎಂಥಾ ದೊಡ್ಡ ಸಂತೆ ಸೇರ್ತಿತ್ತು ಅನ್ನೋದು ಭಾಳ ಮಂದಿಗೆ ಗೊತ್ತಿಲ್ಲ. ರಷ್ಯಾದಿಂದ ಬಂದಿದ್ದ ಅಫನಾಸಿ ನಿಕಿತಿನ್ ಎಂಬ ವ್ಯಾಪಾರಿ ತನ್ನ ಪ್ರವಾಸ ಕಥನದಲ್ಲಿ ಇದನ್ನು ಬರೆದಿಟ್ಟಿದ್ದಾನೆ. ವರ್ಷಕ್ಕೊಮ್ಮೆ ಹತ್ತು ದಿನದ ಜಾತ್ರೆ, ಇಪ್ಪತ್ತು ಸಾವಿರದವರೆಗೆ ಕುದುರೆಗಳ ಮಾರಾಟ, ದೇಶದ ನಾನಾ ಕಡೆಯ ಸರಕು. ಆತ ಹೇಳುವ ಊರು ನಮ್ಮ ಆಳಂದವೇ ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಆತ ಬಂದಾಗ ಈ ಸೀಮೆಯ ಆಡಳಿತ ನಡೆಸುತ್ತಿದ್ದವನೂ ಮೂಲತಃ ವ್ಯಾಪಾರಿಯೇ. ಅವನ ಬಿರುದು ಮಲಿಕ್-ಉತ್-ತುಜ್ಜಾರ್, ಅಂದ್ರೆ ವ್ಯಾಪಾರಿಗಳ ರಾಜ. ಹೆಸರು ಖ್ವಾಜಾ ಮಹಮೂದ್ ಗವಾನ್.

ಬೀದರಿಗೆ ಹೋದವರೆಲ್ಲ ಕೋಟೆ ನೋಡಿ, ಹಾದಿಯಲ್ಲಿ ಒಂದೇ ಮಿನಾರಿನ ಪಾಳು ಕಟ್ಟಡದ ಮುಂದೆ ಫೋಟೊ ತೆಗೆಸಿಕೊಂಡು ಬರ್ತಾರೆ. ಅದೇ ಗವಾನ್ ಕಟ್ಟಿಸಿದ ಮದರಸಾ. ಮದರಸಾ ಎಂದ ಕೂಡಲೇ ಧರ್ಮಪಾಠ ಮಾತ್ರ ನೆನಪಿಗೆ ಬರುತ್ತದೆ. ಆದರೆ ಇದು ಆ ಕಾಲದ ಉನ್ನತ ಶಿಕ್ಷಣದ ಕೇಂದ್ರ. ಧರ್ಮಶಾಸ್ತ್ರ, ಕಾನೂನಿನ ಜೊತೆಗೇ ತತ್ವಶಾಸ್ತ್ರ, ಗಣಿತ, ಖಗೋಳ ಶಾಸ್ತ್ರವನ್ನೂ ಒಂದೇ ಸೂರಿನಡಿ ಓದುವ ಪದ್ಧತಿ ಅಲ್ಲಿತ್ತು. ಇವತ್ತು ವಿಶ್ವವಿದ್ಯಾಲಯಗಳು ಬಹುಶಿಸ್ತೀಯ ಸ್ನಾತಕೋತ್ತರ ಶಿಕ್ಷಣ ಅಂತ ಹೊಸ ಮಾತಿನ ಹಾಗೆ ಹೇಳುವುದರ ಒಂದು ಹಳೆಯ ರೂಪ ನಮ್ಮ ಪಕ್ಕದ ಜಿಲ್ಲೆಯಲ್ಲೇ ನಿಂತಿದೆ.

ಇರಾನಿನಿಂದ ಬೀದರಿಗೆ

ಗವಾನ್ ಹುಟ್ಟಿದ್ದು 1411ರಲ್ಲಿ, ಇರಾನಿನ ಕ್ಯಾಸ್ಪಿಯನ್ ಸಮುದ್ರದ ದಂಡೆಯ ಗೀಲಾನ್ ಪ್ರಾಂತ್ಯದಲ್ಲಿ. ಮನೆತನ ಅಲ್ಲಿನ ದೊರೆಗಳ ಸೇವೆಯಲ್ಲಿದ್ದ ದೊಡ್ಡ ಮನೆತನ. ಆದ್ರೆ ದರ್ಬಾರಿನ ಒಳಜಗಳ ವಿಪರೀತವಾಗಿ ಊರು ಬಿಡಬೇಕಾಯ್ತು. ಅಧಿಕಾರದ ಸಹವಾಸವೇ ಬೇಡ ಎಂದು ವ್ಯಾಪಾರ ಹಿಡಿದ. ಊರೂರು ತಿರುಗುತ್ತ ಸರಕನ್ನಷ್ಟೇ ಕೊಳ್ಳಲಿಲ್ಲ, ಹೋದಲ್ಲೆಲ್ಲ ಪಂಡಿತರ ಬಳಿ ಕೂತು ಪಾಠ ಕೇಳಿದ. ಕೈರೋ, ಡಮಾಸ್ಕಸ್ ಹೀಗೆ ಅವನು ಕಂಡ ವಿದ್ಯಾಕೇಂದ್ರಗಳು.

1453ರ ಹೊತ್ತಿಗೆ ಕೊಂಕಣದ ದಾಭೋಳ ಬಂದರಿನಲ್ಲಿ ಇಳಿದ. ಆಗ ವಯಸ್ಸು ನಲವತ್ತು ದಾಟಿತ್ತು. ಬೀದರಿನಲ್ಲಿದ್ದ ಸೂಫಿ ಸಂತ ಶಾಹ ಮುಹಿಬುಲ್ಲಾ ಅವರನ್ನು ಕಂಡು, ಅಲ್ಲಿಂದ ದಿಲ್ಲಿ ಕಡೆ ಹೋಗುವ ವಿಚಾರ ಇತ್ತು. ಕಲಬುರಗಿಯಿಂದ ಬೀದರಿಗೆ ಬಹಮನಿ ರಾಜಧಾನಿ ಬದಲಾಗಿ ಆಗ ಕೆಲವೇ ದಶಕ ಆಗಿದ್ದವು. ಸುಲ್ತಾನ ಎರಡನೇ ಅಲಾವುದ್ದೀನ್ ಈ ಓದಿದ ವ್ಯಾಪಾರಿಯನ್ನು ಕಂಡು ಬಿಡಲಿಲ್ಲ, ತನ್ನ ಸೇವೆಗೆ ಇಟ್ಟುಕೊಂಡ. ಯಾವ ದರ್ಬಾರಿನ ಜಗಳಕ್ಕೆ ಅಂಜಿ ಊರು ಬಿಟ್ಟಿದ್ದನೋ, ಅಂಥದ್ದೇ ದರ್ಬಾರಿಗೆ ಗವಾನ್ ಮತ್ತೆ ಬಂದು ಸೇರಿದ.

ಲೆಕ್ಕ ಬಲ್ಲ ಮಂತ್ರಿ

ನಾಲ್ಕು ಸುಲ್ತಾನರ ಕೈಕೆಳಗೆ ಅವನು ದುಡಿದ. 1461ರಲ್ಲಿ ಎಂಟು ವರ್ಷದ ಹುಡುಗ ನಿಜಾಮ್ ಷಾ ಪಟ್ಟಕ್ಕೆ ಬಂದಾಗ, ರಾಜಮಾತೆಯ ಜೊತೆ ರಾಜ್ಯ ನೋಡಿಕೊಂಡವರಲ್ಲಿ ಗವಾನ್ ಒಬ್ಬ. ಮಾಳವದ ಸುಲ್ತಾನ ಇದೇ ಸಮಯ ಅಂತ ಬೀದರಿನ ಮೇಲೆ ಏರಿ ಬಂದ. ಗವಾನ್ ಗುಜರಾತಿನ ಸುಲ್ತಾನನ ನೆರವು ತಂದು ಅವನನ್ನು ಹಿಂದಕ್ಕೆ ಅಟ್ಟಿದ. ಮುಂದೆ ಮೂರನೇ ಮುಹಮ್ಮದ್ ಷಾ ಕಾಲಕ್ಕೆ ಪ್ರಧಾನ ಮಂತ್ರಿಯಾದ. 1472ರಲ್ಲಿ ಗೋವಾ, ಅದರ ಬೆನ್ನಿಗೇ ಬೆಳಗಾವಿ ಬಹಮನಿಗಳ ಕೈಸೇರಿದವು. ಬೆಳಗಾವಿ ಕೋಟೆ ಗೋಡೆ ಕೆಡವಲು ಸುರಂಗ ತೋಡಿ ಸಿಡಿಮದ್ದು ಇಟ್ಟಿದ್ದನ್ನು ಇತಿಹಾಸಕಾರರು ವಿಶೇಷವಾಗಿ ಹೇಳ್ತಾರೆ.

ಯುದ್ಧಕ್ಕಿಂತ ದೊಡ್ಡ ಕೆಲಸ ಆಡಳಿತದ್ದು. ಅದುವರೆಗೆ ರಾಜ್ಯದಲ್ಲಿ ನಾಲ್ಕೇ ಪ್ರಾಂತ್ಯ. ಒಬ್ಬೊಬ್ಬ ಅಧಿಪತಿಯೂ ಅರ್ಧ ರಾಜನ ಹಾಗೆ ಬೆಳೆದಿದ್ದ. ಗವಾನ್ ಅವನ್ನು ಎಂಟು ಮಾಡಿದ. ಹಳೇ ಕಲಬುರಗಿ ಪ್ರಾಂತ್ಯ ಒಡೆದು ಕಲಬುರಗಿ, ವಿಜಯಪುರ ಅಂತ ಎರಡಾಯ್ತು. ಒಬ್ಬ ಅಧಿಪತಿಯ ಕೈಯಲ್ಲಿ ಒಂದೇ ಕೋಟೆ, ಉಳಿದ ಕೋಟೆಗಳಿಗೆ ಸುಲ್ತಾನನೇ ಕಿಲ್ಲೇದಾರನನ್ನು ನೇಮಿಸುವ ವ್ಯವಸ್ಥೆ ಬಂತು. 500 ಸವಾರರನ್ನು ಇಡುವ ಸರದಾರನಿಗೆ ಸಿಗುವ ಹಣವನ್ನು 1 ಲಕ್ಷ ಹೊನ್ನಿನಿಂದ 1,25,000ಕ್ಕೆ ಏರಿಸಿದರು. ಆದರೆ ಸವಾರರು ಕಡಿಮೆ ಬಿದ್ದರೆ ಅಷ್ಟು ಹಣ ಮುರಿದುಕೊಳ್ಳುವ ನಿಯಮವೂ ಬಂತು. ಹೊಲ ಅಳೆಸಿ, ಊರಿನ ಗಡಿ ಗುರುತಿಸಿ, ಕಂದಾಯ ನಿಗದಿ ಮಾಡಿಸಿದ. ಅಂಗಡಿ ನಡೆಸೋರಿಗೆ ಇದರ ಅರ್ಥ ಬೇಗ ಆಗುತ್ತೆ: ಸರಕು ತೂಗದೆ, ಲೆಕ್ಕ ಬರೆಯದೆ ವ್ಯವಹಾರ ನಿಲ್ಲೋದಿಲ್ಲ.

ಇದೇ ಕಾಲಕ್ಕೆ ದಖ್ಖನ್ನಿನಲ್ಲಿ ಎರಡು ವರ್ಷ ಮಳೆ ಕೈಕೊಟ್ಟು ಭೀಕರ ಬರ ಬಿತ್ತು. ಮಂದಿ ಮಾಳವ, ಗುಜರಾತಿನ ಕಡೆ ಗುಳೆ ಹೋದರು. ಎಲ್ಲವೂ ಸುಭಿಕ್ಷ ಇತ್ತು ಅಂತ ಹೇಳೋಕಾಗಲ್ಲ. ಸರದಾರರು ವೈಭವದಲ್ಲಿ ಮೆರೆಯುತ್ತಿದ್ದರು, ಹಳ್ಳಿ ಜನ ಬಡತನದಲ್ಲಿದ್ದರು ಎಂದು ನಿಕಿತಿನ್ ಕೂಡ ಕಂಡದ್ದನ್ನು ಕಂಡ ಹಾಗೆ ಬರೆದಿದ್ದಾನೆ.

ಮೂರು ಅಂತಸ್ತಿನ ವಿದ್ಯಾಲಯ

ಮದರಸಾ ಕಟ್ಟಡ ಮುಗಿದದ್ದು 1472ರಲ್ಲಿ. ಉದ್ದ ಸುಮಾರು 205 ಅಡಿ, ಅಗಲ 180 ಅಡಿ, ಮೂರು ಅಂತಸ್ತು. ಮಧ್ಯೆ ವಿಶಾಲ ಅಂಗಳ, ಸುತ್ತ ಪಾಠದ ಸಭಾಂಗಣ, ಗ್ರಂಥಾಲಯ, ಮಸೀದಿ, ವಿದ್ಯಾರ್ಥಿಗಳ ಕೋಣೆ, ಗುರುಗಳ ವಸತಿ. ಉಳಿದಿರುವ ಮಿನಾರು 131 ಅಡಿ ಎತ್ತರ. ಮುಂಭಾಗಕ್ಕೆ ಇರಾನಿ ಶೈಲಿಯ ನೀಲಿ, ಹಳದಿ, ಬಿಳಿ ಹೆಂಚಿನ ಅಲಂಕಾರ. ಗ್ರಂಥಾಲಯದಲ್ಲಿ ಮೂರು ಸಾವಿರ ಹಸ್ತಪ್ರತಿ ಇದ್ದವು ಎಂದು ಹೇಳಲಾಗುತ್ತದೆ. ಛಾಪಖಾನೆ ಇಲ್ಲದ ಕಾಲ, ಒಂದೊಂದು ಪುಸ್ತಕವನ್ನೂ ಕೈಯಲ್ಲಿ ನಕಲು ಮಾಡಬೇಕಿತ್ತು ಅನ್ನೋದನ್ನು ನೆನಪಿಟ್ಟುಕೊಳ್ಳಬೇಕು.

ಗುರುಗಳಿಗಾಗಿ ಅವನು ದೂರದ ದೇಶಗಳಿಗೆ ಪತ್ರ ಬರೆದ. ಹೆರಾತಿನ ಹೆಸರಾಂತ ಕವಿ ಜಾಮಿಗೂ ಆಹ್ವಾನ ಹೋಗಿತ್ತು. ಜಾಮಿ ಬರಲಿಲ್ಲ, ಆದರೆ ಪತ್ರ ವ್ಯವಹಾರ ನಡೆಯಿತು. ತುರ್ಕಿಯ ಸುಲ್ತಾನನವರೆಗೂ ಅವನ ಪತ್ರಗಳು ಹೋದವು. ಆ ಪತ್ರಗಳ ಸಂಗ್ರಹವೇ ರಿಯಾಜುಲ್ ಇನ್ಶಾ. ಪತ್ರ ಬರೆಯುವ ಕಲೆಯ ಬಗ್ಗೆ ಮನಾಜಿರುಲ್ ಇನ್ಶಾ ಎಂಬ ಇನ್ನೊಂದು ಗ್ರಂಥವನ್ನೂ ಬರೆದ.

ಇಷ್ಟೆಲ್ಲ ಯಾಕೆ ಕಟ್ಟಿದ? ಅವನ ಬದುಕನ್ನೇ ನೋಡಿದರೆ ಸುಳಿವು ಸಿಗುತ್ತದೆ. ಬಂದರಿನ ವ್ಯಾಪಾರ, ಹೊಲದ ಅಳತೆ, ಸೈನ್ಯದ ಸಂಬಳ, ನೆರೆ ರಾಜ್ಯದ ಜೊತೆ ಸಂಧಿ ಇವೆಲ್ಲ ಒಬ್ಬನ ತಲೆಯಲ್ಲೇ ಕೂಡಬೇಕಿದ್ದ ಕೆಲಸ. ಹೊಲ ಅಳೆಯೋಕೆ ಗಣಿತ ಬೇಕು, ತಕರಾರು ಬಿಡಿಸೋಕೆ ಕಾನೂನು ಬೇಕು, ಪರದೇಶದ ಜೊತೆ ಮಾತಾಡೋಕೆ ಭಾಷೆ ಬೇಕು. ಹಾಗಂತ ಕೊರತೆ ಇರಲಿಲ್ಲ ಎಂದಲ್ಲ. ಅಲ್ಲಿಯ ವಿದ್ಯೆ ಅರಬ್ಬಿ, ಪಾರ್ಸಿ ಭಾಷೆಯದು. ಕನ್ನಡ ಆಡುವ ಒಕ್ಕಲಿಗನ ಮಗನಿಗೆ ಆ ಬಾಗಿಲು ಸುಲಭವಾಗಿ ತೆರೆಯುವಂಥದ್ದಲ್ಲ.

ಒಂದು ಖಾಲಿ ಕಾಗದ

ಬಹಮನಿ ದರ್ಬಾರಿನಲ್ಲಿ ಎರಡು ಬಣ ಇದ್ದವು. ಇಲ್ಲೇ ನೆಲೆ ನಿಂತ ದಖ್ಖನಿಗಳು ಒಂದು ಕಡೆ, ಹೊರದೇಶದಿಂದ ಬಂದ ಆಫಾಕಿಗಳು ಇನ್ನೊಂದು ಕಡೆ. ಗವಾನ್ ತಾನು ಪರದೇಶಿಯಾದರೂ ಹುದ್ದೆ ಹಂಚುವಾಗ ಎರಡೂ ಬಣವನ್ನು ಸರಿದೂಗಿಸಲು ನೋಡಿದ. ಆದರೆ ಅವನ ಸುಧಾರಣೆಯಿಂದ ಕೋಟೆ, ಜಮೀನು, ಹಣ ಕಳಕೊಂಡವರು ಸುಮ್ಮನಿರಲಿಲ್ಲ.

ವೈರಿಗಳು ಅವನ ಮುದ್ರೆ ಕಾಯುವ ಸೇವಕನನ್ನು ಒಲಿಸಿಕೊಂಡು, ಕುಡಿಸಿ, ಖಾಲಿ ಕಾಗದದ ಮೇಲೆ ಮೊಹರು ಹಾಕಿಸಿಕೊಂಡರು. ಅದರ ಮೇಲೆ ಒಡಿಶಾದ ಗಜಪತಿ ರಾಜನಿಗೆ ರಾಜ್ಯದ ಮೇಲೆ ದಂಡೆತ್ತಿ ಬರಲು ಕರೆಯುವ ಪತ್ರ ಬರೆದರು. ಸುಲ್ತಾನ ಆಗ ಆಂಧ್ರದ ಕೊಂಡಪಲ್ಲಿಯಲ್ಲಿ ಬೀಡು ಬಿಟ್ಟಿದ್ದ. ಪತ್ರ ಅವನ ಕೈಗೆ ಬಂತು, ಮದ್ಯದ ಅಮಲಿನಲ್ಲಿ ವಿಚಾರಣೆಯೂ ಇಲ್ಲದೆ ಗವಾನನಿಗೆ ಕರೆ ಹೋಯ್ತು. ಹೋಗಬೇಡ ಎಂದು ಆಪ್ತರು ತಡೆದರೂ ಅವನು ಹೋದ. ಮೊಹರು ತನ್ನದೇ, ಬರಹ ತನ್ನದಲ್ಲ ಎಂದು ಹೇಳಿದ. ಸುಲ್ತಾನ ಕೇಳಲಿಲ್ಲ. 1481ರ ಏಪ್ರಿಲ್ 5ರಂದು ಎಪ್ಪತ್ತರ ಆಸುಪಾಸಿನ ಆ ಮುದುಕನ ತಲೆ ಕಡಿಸಿದ.

ಆಮೇಲೆ ಸುಲ್ತಾನ ಮಂತ್ರಿಯ ಸಂಪತ್ತು ಹುಡುಕಿಸಿದ. ನಡೆದದ್ದನ್ನು ಇತಿಹಾಸಕಾರ ಫಿರಿಶ್ತಾ ವಿವರಿಸುತ್ತಾನೆ. ಜಾಗೀರಿನ ಆದಾಯ ಸೈನ್ಯಕ್ಕೆ, ಬಡವರಿಗೆ ಖರ್ಚಾಗಿತ್ತು. ಇರಾನಿನಿಂದ ತಂದಿದ್ದ 40,000 ಲಾರಿ ನಾಣ್ಯದ ಬಂಡವಾಳವನ್ನು ವ್ಯಾಪಾರದಲ್ಲಿ ತೊಡಗಿಸಿ, ಅದರ ಲಾಭದಲ್ಲೇ ತನ್ನ ಸ್ವಂತ ಖರ್ಚು ಮತ್ತು ದಾನಧರ್ಮ ನಡೆಸುತ್ತಿದ್ದ. ಮನೆಯಲ್ಲಿ ಮಲಗೋದು ಚಾಪೆ ಮೇಲೆ, ಅಡುಗೆ ಮಣ್ಣಿನ ಪಾತ್ರೆಯಲ್ಲಿ. ಸುಲ್ತಾನ ಮರುಗಿದ, ಆದ್ರೆ ಕಾಲ ಮಿಂಚಿತ್ತು. ಒಂದು ವರ್ಷದೊಳಗೆ ಅವನೂ ಸತ್ತ. ಮುಂದಿನ ದಶಕಗಳಲ್ಲಿ ಬಹಮನಿ ರಾಜ್ಯ ಐದು ಹೋಳಾಯ್ತು.

1657ರಲ್ಲಿ ಬೀದರ್ ಮೊಗಲರ ವಶವಾಯ್ತು. ಪಾಠ ನಡೆದ ಕೋಣೆಗಳಲ್ಲಿ ಸಿಡಿಮದ್ದು ತುಂಬಿದರು. 1696ರಲ್ಲಿ ಅದು ಸಿಡಿದು ಒಂದು ಮಿನಾರು, ಮುಂಭಾಗದ ದೊಡ್ಡ ಪಾಲು ನೆಲಕ್ಕುರುಳಿತು. ಈಗ ಉಳಿದದ್ದನ್ನು ಭಾರತೀಯ ಪುರಾತತ್ವ ಇಲಾಖೆ ಕಾಯುತ್ತಿದೆ. ಗವಾನನ ಸಮಾಧಿ ಬೀದರಿನ ಹೊರಗೆ ಗೋರನಳ್ಳಿ ಬಳಿ ಇದೆ, ಮೇಲೆ ಗುಮ್ಮಟವಿಲ್ಲ.

ನಮಗೇನು ಸಂಬಂಧ?

ನಮ್ಮ ತಾಲ್ಲೂಕಿನ ಕಷ್ಟಗಳನ್ನೇ ನೋಡ್ರಿ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ದಂಡೆಯ ಊರುಗಳು ಮುಳುಗಿದವು. ಅದಾದ ಎರಡು ವರ್ಷಕ್ಕೆ ತೊಗರಿಗೆ ನೆಟೆ ರೋಗ ಬಡಿದು ರೈತ ಕಂಗಾಲಾದ. ರೈತ ಸೋತರೆ ಅಡತ್ ಅಂಗಡಿಯ ಉದ್ರಿ ಖಾತೆಯೂ ಹಾಗೇ ಉಳಿಯುತ್ತದೆ. ನದಿ ಉಕ್ಕುವುದರ ಹಿಂದೆ ಮಹಾರಾಷ್ಟ್ರದ ಉಜನಿ ಅಣೆಕಟ್ಟಿನ ನೀರು ಬಿಡುಗಡೆ ಇದೆ, ಹವಾಮಾನದ ಏರುಪೇರು ಇದೆ, ಎರಡು ರಾಜ್ಯದ ಮಾತುಕತೆ ಇದೆ, ಪರಿಹಾರದ ಕಾನೂನು ಇದೆ, ಪ್ರವಾಹ ಇಳಿದ ಮೇಲೆ ಹರಡುವ ರೋಗ ಇದೆ. ಎಂಜಿನಿಯರ್ ಒಬ್ಬನಿಂದ ಆಗುವ ಕೆಲಸ ಅಲ್ಲ, ಡಾಕ್ಟರ್ ಒಬ್ಬನಿಂದಲೂ ಆಗೋದಿಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಬಹುಶಿಸ್ತೀಯ ವಿಶ್ವವಿದ್ಯಾಲಯ ಬೇಕು ಎನ್ನುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಂತರಶಿಸ್ತೀಯ ಪಿಎಚ್‌ಡಿಗೆ ಪ್ರತ್ಯೇಕ ವಿಭಾಗವೇ ಇದೆ. ನಮ್ಮ ಕಲಬುರಗಿಯಲ್ಲಿ 1980ರಿಂದ ವಿಶ್ವವಿದ್ಯಾಲಯ ಇದೆ, ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಿಂದ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಭೂಗೋಳ ಓದಿದವ, ಅರ್ಥಶಾಸ್ತ್ರ ಓದಿದವ, ಜೀವಶಾಸ್ತ್ರ ಓದಿದವ ಒಂದೇ ಮೇಜಿಗೆ ಕೂತು ಭೀಮಾ ದಂಡೆಯ ಒಂದು ಊರಿನ ಬಗ್ಗೆ ಸಂಶೋಧನೆ ಮಾಡಿದರೆ, ಅದು ಜಗತ್ತಿನ ಬೇರೆ ನದಿ ದಂಡೆಯ ಊರುಗಳಿಗೂ ಪಾಠ ಆದೀತು. ಗವಾನನ ಕಾಲದಲ್ಲಿ ಇಲ್ಲದ ಒಂದು ಅನುಕೂಲವೂ ನಮಗಿದೆ: ಈಗ ಒಕ್ಕಲಿಗನ ಮಗಳೂ ಅಲ್ಲಿ ಪ್ರವೇಶ ಪಡೆಯಬಹುದು.

ಡಿಗ್ರಿ ಮುಗಿಸಿ ಮುಂದೇನು ಅಂತ ಮಕ್ಕಳು ಮನೆಯಲ್ಲಿ ಕೇಳಿದಾಗ, ಒಂದೇ ವಿಷಯ ಹಿಡಿದು ಕೂಡ್ರು ಅನ್ನೋ ಬದಲು, ಇನ್ನೊಂದರ ಜೊತೆ ಸೇರಿಸಿ ಓದು ಅಂತ ಹೇಳೋದಕ್ಕೆ ಅಡ್ಡಿ ಇಲ್ಲ. ಮುಂದಿನ ಸಲ ಬೀದರಿಗೆ ಹೋದಾಗ ಅವರನ್ನೂ ಕರಕೊಂಡು ಹೋಗ್ರಿ. ಮಿನಾರಿನ ಮುಂದೆ ಫೋಟೊ ಆದ ಮೇಲೆ, ಒಳಗಿನ ವಿದ್ಯಾರ್ಥಿಗಳ ಕೋಣೆಗಳನ್ನೂ ಒಮ್ಮೆ ತೋರಿಸಿ.